ಕ್ರೆಡಿಟ್ ಬರುತ್ತೆ, ಗ್ರೇಡೂ ಹಿಂದೆಯೇ ಬರುತ್ತೆ

ನಮಸ್ಕಾರ. ಟೆಕ್ಸಾಸಿನ ಡಲ್ಲಾಸ್ ಹತ್ತಿರದಿಂದ ನೀವು ಬರೆದ ಕಾಗದ ಓದಿದೆ. ಮಗಳು ಹತ್ತನೇ ಕ್ಲಾಸು, ಡಾಕ್ಟರ್ ಆಗುವ ಆಸೆ. ನಿಮ್ಮ ನಾದಿನಿಯ ಮಗ ಹೈಸ್ಕೂಲ್ (ಅಲ್ಲಿ ಹನ್ನೆರಡನೇ ಕ್ಲಾಸಿನವರೆಗೆ) ಮುಗಿಸುವಷ್ಟರಲ್ಲೇ ಡ್ಯುಯಲ್ ಕ್ರೆಡಿಟ್‌ನಲ್ಲಿ, ಅಂದರೆ ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುವ ಕೋರ್ಸುಗಳಲ್ಲಿ, 42 ಕಾಲೇಜ್ ಕ್ರೆಡಿಟ್ (ಡಿಗ್ರಿಗೆ ಲೆಕ್ಕ ಹಿಡಿಯುವ ಯೂನಿಟ್) ಗಳಿಸಿದ. ಹಾಗಾಗಿ ನಿಮ್ಮ ಯಜಮಾನರು "ಇವಳೂ ಎಲ್ಲ ವಿಷಯ ಹಾಗೇ ತಗೊಳ್ಳಲಿ, ನಾವೂ ಹದಿನಾರಕ್ಕೇ ಕಾಲೇಜಿಗೆ ಹೋದವರಲ್ವಾ" ಅನ್ನುತ್ತಿದ್ದಾರೆ. ಸರಿಯಾ ಅಂತ ನಿಮ್ಮ ಪ್ರಶ್ನೆ.

ಯಜಮಾನರ ಮಾತಿಂದಲೇ ಶುರು ಮಾಡೋಣ. ನಾವು ಹೋದದ್ದು ಪಿಯುಸಿಗೆ. ಬೋರ್ಡಿನಲ್ಲಿ ಕಾಲೇಜು ಅಂತ ಬರೆದಿತ್ತು, ನಿಜ. ಆದರೆ ಫಸ್ಟ್ ಪಿಯುಸಿಯಲ್ಲಿ ಕೆಮಿಸ್ಟ್ರಿ ಕೈಕೊಟ್ಟದ್ದು ಡಿಗ್ರಿ ಮಾರ್ಕ್ಸ್ ಕಾರ್ಡಿನಲ್ಲಿ ಯಾರಿಗೂ ಕಾಣಲಿಲ್ಲ (ನನ್ನದಂತೂ ಕಾಣಲಿಲ್ಲ, ದೇವರು ದೊಡ್ಡವನು). ಡ್ಯುಯಲ್ ಕ್ರೆಡಿಟ್ ಹಾಗಲ್ಲ. ಪಾಠ ಹೈಸ್ಕೂಲಿನ ರೂಮಿನಲ್ಲೇ ನಡೆಯಬಹುದು, ಗ್ರೇಡ್ ಮಾತ್ರ ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಲ್ಲಿಯ ಮಾರ್ಕ್ಸ್ ಕಾರ್ಡಿನಲ್ಲಿ) ಹೋಗಿ ಕೂರುತ್ತದೆ. ಐದಾರು ವರ್ಷ ಬಿಟ್ಟು ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿ ಓದಿದ ಕಾಲೇಜು ಕೋರ್ಸುಗಳನ್ನೂ ತೋರಿಸಲೇಬೇಕು, ಅವು ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೂ ಸೇರುತ್ತವೆ. ಹದಿನಾರರಲ್ಲಿ ಬಂದ ಒಂದು ಸಿ ಗ್ರೇಡ್ ಅಲ್ಲಿವರೆಗೂ ಬೆನ್ನು ಬಿಡುವುದಿಲ್ಲ.

ಎಪಿ (ಅಡ್ವಾನ್ಸ್ಡ್ ಪ್ಲೇಸ್ಮೆಂಟ್), ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು, ಬೇರೆ ಥರ. ವರ್ಷವಿಡೀ ಓದಿ ಮೇ ತಿಂಗಳಲ್ಲಿ ಒಂದು ಪರೀಕ್ಷೆ, 1ರಿಂದ 5ರವರೆಗೆ ಸ್ಕೋರು. 2 ಬಂತಾ? ಕ್ರೆಡಿಟ್ ಸಿಗಲ್ಲ, ಅಷ್ಟೇ. ಕಾಲೇಜಿನ ಜಿಪಿಎಗೆ ಏನೂ ಆಗಲ್ಲ. 3 ಬಂದರೆ ಟೆಕ್ಸಾಸಿನ ಸರ್ಕಾರಿ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಕ್ರೆಡಿಟ್ ಕೊಡಬೇಕು, 2015ರಲ್ಲಿ ಕಾನೂನೇ ಆಗಿದೆ, ಕೆಲವು ವಿಷಯಕ್ಕಷ್ಟೇ ಜಾಸ್ತಿ ಕೇಳುತ್ತಾರೆ. ರಾಜ್ಯದ ಹೊರಗೆ ಕಥೆ ಬೇರೆ. ಡಾರ್ಟ್‌ಮತ್ ಕಾಲೇಜು 2014ರಲ್ಲಿ ಸೇರಿದವರಿಂದಲೇ ಎಪಿ ಕ್ರೆಡಿಟ್ ನಿಲ್ಲಿಸಿತು.

ಹಾಗಂತ ಡ್ಯುಯಲ್ ಕ್ರೆಡಿಟ್ ಬೇಡ ಅನ್ನುತ್ತಿಲ್ಲ. ಟೆಕ್ಸಾಸಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಎಲ್ಲರೂ ಓದಲೇಬೇಕಾದ ಕೋರ್ ವಿಷಯಗಳೂ 42 ಕ್ರೆಡಿಟ್ಟೇ, ಡಿಗ್ರಿಗೆ ಬೇಕಾದದ್ದು ಕಡಿಮೆಯೆಂದರೂ 120. ಕಮ್ಯುನಿಟಿ ಕಾಲೇಜಿನಲ್ಲಿ (ಡ್ಯುಯಲ್ ಕ್ರೆಡಿಟ್ ಕೋರ್ಸು ಸಾಮಾನ್ಯವಾಗಿ ಕೊಡುವ ಎರಡು ವರ್ಷದ ಸ್ಥಳೀಯ ಕಾಲೇಜು) ಕೋರ್ ಮುಗಿಸಿ ಬಂದವರಿಗೆ ಅದನ್ನು ಮತ್ತೆ ಓದಿಸುವಂತಿಲ್ಲ. ಹುಡುಗನ 42 ಅದೇ ಆಗಿದ್ದರೆ ಅವರ ಮನೆಯಲ್ಲಿ ಒಂದು ವರ್ಷದ್ದಕ್ಕಿಂತ ಜಾಸ್ತಿ ಫೀಸು ಉಳಿಯಿತು. ನಿಮ್ಮ ಮಗಳೂ ಹಿಸ್ಟರಿ, ಗವರ್ನ್‌ಮೆಂಟ್, ಬರೆಯುವುದು ಇಷ್ಟವಿದ್ದರೆ ಇಂಗ್ಲಿಷ್, ಇವನ್ನು ಧೈರ್ಯವಾಗಿ ತಗೊಳ್ಳಲಿ. ಬಯಾಲಜಿ, ಕೆಮಿಸ್ಟ್ರಿ ಮಾತ್ರ ಎಪಿಯಲ್ಲಿರಲಿ. 5 ಬಂದರೂ ಯೂನಿವರ್ಸಿಟಿಯಲ್ಲಿ ಇನ್ನೊಮ್ಮೆ ಓದುವುದೇ ವಾಸಿ, ಏಕೆಂದರೆ ಈ ವಿಷಯಗಳಿಗೆ ಎಪಿ ಕ್ರೆಡಿಟ್ ಒಪ್ಪದ ಮೆಡಿಕಲ್ ಸ್ಕೂಲುಗಳಿವೆ.

ಇನ್ನೊಂದು ವಿಷಯ ನಿಮಗೆ ಸ್ವಲ್ಪ ಕಸಿವಿಸಿ ಆಗಬಹುದು. ಕಾಲೇಜು ಕೋರ್ಸಿಗೆ ಸೇರಿದ ಮೇಲೆ ಆ ಕಾಲೇಜಿನ ದಾಖಲೆಗಳ ಹಕ್ಕು ಅವಳದ್ದು, ವಯಸ್ಸು ಹದಿನಾರೇ ಆಗಿದ್ದರೂ. ನೀವು ಪ್ರೊಫೆಸರಿಗೆ ಫೋನ್ ಮಾಡಿ "ಟೆಸ್ಟಲ್ಲಿ ಎಷ್ಟು ಬಂತು" ಅಂದರೆ ಅವರು ಹೇಳಲೇಬೇಕೆಂದಿಲ್ಲ. ಇಮೇಲ್ ಅವಳೇ ಬರೆಯಬೇಕು, ಅಸೈನ್‌ಮೆಂಟ್ ತಡವಾದರೆ ಅವಳೇ ಕೇಳಿಕೊಳ್ಳಬೇಕು, ಕೋರ್ಸು ಬಿಡಲು ಕೊನೆಯ ದಿನ ಯಾವುದು ಅಂತ ಅವಳಿಗೇ ನೆನಪಿರಬೇಕು. ಹಾಗಾಗಿ ಸುಮ್ನೆ ಎಲ್ಲಾ ಒಟ್ಟಿಗೆ ಹೇರಬೇಡಿ. ಮೊದಲು ಒಂದೇ ಒಂದು ಕೋರ್ಸು ತಗೊಂಡು ನೋಡಲಿ.

ಯಾವುದು ಅಂತ ಅವಳನ್ನೇ ಕೇಳಿ. ನಿಮ್ಮ ಎರಡು ಪುಟದ ಕಾಗದದಲ್ಲಿ ನಾದಿನಿ, ಅವರ ಮಗ, ಯಜಮಾನರು ಎಲ್ಲರ ಮಾತೂ ಇದೆ, ಅವಳದ್ದು ಎಲ್ಲೂ ಸಿಗಲಿಲ್ಲ.