ನೆತ್ತಿಯ ಮೇಲಿನ ಇಸವಿ ನಂಬಬಹುದೇ?

ಪ್ರಶ್ನೆ: ಅಮೆರಿಕದ ಸಣ್ಣ ಪಟ್ಟಣಗಳ ಹಳೆಯ ಇಟ್ಟಿಗೆ ಮಳಿಗೆಗಳ ನೆತ್ತಿಯಲ್ಲಿ ವ್ಯಾಪಾರಿಯ ಹೆಸರು, ಇಸವಿ ಇರುತ್ತವೆ. ಕಟ್ಟಿದ್ದು ಆ ವರ್ಷವೇ, ಕಟ್ಟಿಸಿದ್ದು ಅವನೇ ಎನ್ನಬಹುದೇ?

ಉತ್ತರ: ಅಷ್ಟಕ್ಕೇ ತೀರ್ಮಾನಿಸಬೇಡಿ. ಸೇಂಟ್ ಲೂಯಿಯ ಮೆಸ್ಕರ್ ಬ್ರದರ್ಸ್, ಇವಾನ್ಸ್‌ವಿಲ್‌ನ ಜಾರ್ಜ್ ಮೆಸ್ಕರ್ ಕಂಪನಿಗಳು 1880ರ ದಶಕದಿಂದ ಕ್ಯಾಟಲಾಗ್ ಹಂಚಿ, ಮಳಿಗೆಯ ಮುಂಭಾಗವನ್ನೇ ರೈಲಿನಲ್ಲಿ ಕಳಿಸುತ್ತಿದ್ದವು: ಕೆಳಗೆ ಎರಕದ ಕಬ್ಬಿಣದ ಕಂಬ, ಮೇಲೆ ಅಚ್ಚೊತ್ತಿದ ತಗಡು. ಹಳೆಯ ಕಟ್ಟಡಕ್ಕೂ ಇದನ್ನು ತೊಡಿಸಬಹುದಿತ್ತು. ಹಾಗಾಗಿ ಆ ಇಸವಿ ಮುಂಭಾಗದ್ದಷ್ಟೇ ಇರಬಹುದು. ಕಂಬದ ಬುಡ ನೋಡಿ. ತಯಾರಕರ ಹೆಸರು ಬಣ್ಣದ ಪದರಗಳಡಿ ಮುಚ್ಚಿಹೋಗಿರಬಹುದು.

ಗಟ್ಟಿ ಸಾಕ್ಷ್ಯವೆಂದರೆ ಸ್ಯಾನ್‌ಬಾರ್ನ್ ಕಂಪನಿಯ ಬೆಂಕಿ ವಿಮೆ ನಕ್ಷೆಗಳು. 1867ರಲ್ಲಿ ಶುರುವಾದ ಸಂಸ್ಥೆ ಇದು. ನೆಲದ 50 ಅಡಿಗೆ ನಕ್ಷೆಯಲ್ಲಿ 1 ಅಂಗುಲದ ಅಳತೆ; ಕಟ್ಟಡ ಯಾವುದರದೆಂದು ಬಣ್ಣ ಹೇಳುತ್ತದೆ. ಗುಲಾಬಿ ಬಣ್ಣವೆಂದರೆ ಇಟ್ಟಿಗೆ, ಹಳದಿ ಮರ, ನೀಲಿ ಕಲ್ಲು. ಒಂದೇ ಪಟ್ಟಣದ ಎರಡು ಆವೃತ್ತಿಗಳನ್ನು ಪಕ್ಕಪಕ್ಕ ಇಡಿ. ಹಳದಿ ಇದ್ದ ನಿವೇಶನ ಮುಂದಿನ ನಕ್ಷೆಯಲ್ಲಿ ಗುಲಾಬಿಯಾಗಿದ್ದರೆ ಇಟ್ಟಿಗೆ ಕಟ್ಟಡ ಆ ನಡುವೆ ಎದ್ದಿದೆ. ತಿದ್ದುಪಡಿಯ ಚೀಟಿ ಅಂಟಿಸಿದ ಪ್ರತಿಗಳೂ ಇವೆ. ಅವುಗಳ ಮೊದಲ ಹಾಳೆಯ ವರ್ಷವನ್ನು ನೆಚ್ಚಿದರೆ ಲೆಕ್ಕ ತಪ್ಪುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿ ಸಾವಿರಾರು ಹಾಳೆಗಳು ಉಚಿತವಾಗಿ ಸಿಗುತ್ತವೆ.

ಇನ್ನು ಒಡೆತನ. ಬಾಗಿಲ ನಂಬರು ಬದಲಾಗುತ್ತಿರುತ್ತದೆ. ಬ್ಲಾಕ್ (ಬೀದಿಗಳ ನಡುವಿನ ನಿವೇಶನಗಳ ಗುಂಪು) ಮತ್ತು ನಿವೇಶನದ ಸಂಖ್ಯೆ ಹಿಡಿದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಗೆ ಹೋಗಬೇಕು. ಕೊಂಡವರ ಸೂಚಿಯಲ್ಲಿ ಇಂದಿನ ಒಡೆಯನ ಹೆಸರು ಹುಡುಕಿ, ಮಾರಿದವನಾರೆಂದು ನೋಡಿ, ಅವನು ಯಾರಿಂದ ಕೊಂಡನೆಂದು ಮತ್ತೆ ಅದೇ ಸೂಚಿಯಲ್ಲಿ ಹುಡುಕಿ. ಸರಪಳಿ ಕಡಿದರೆ ಆಸ್ತಿ ವಾರಸಾಗಿ ಬಂದಿರಬಹುದು. ಆಗ ಉಯಿಲಿನ ದಾಖಲೆ ತೆಗೆಸಿ. ಕ್ರಯಪತ್ರ ಹೇಳುವುದು ಬಹುಪಾಲು ನೆಲದ ಕಥೆಯನ್ನು. ಕಟ್ಟಡದ ಸುಳಿವು ತೆರಿಗೆ ಪಟ್ಟಿಯಲ್ಲಿದೆ: ಅದೇ ನಿವೇಶನದ ಮೌಲ್ಯ ಒಂದು ವರ್ಷ ದಿಢೀರನೆ ಏರಿದ್ದರೆ ಅಲ್ಲಿ ಏನೋ ಕಟ್ಟಿರುವ ಸಂಭವ ಹೆಚ್ಚು. ಕ್ರಯಪತ್ರಗಳಲ್ಲಿ ವ್ಯಾಪಾರಿಯ ಹೆಸರೇ ಇಲ್ಲದಿದ್ದರೆ ಅವನು ಬಾಡಿಗೆದಾರನಿರಬಹುದು.

ಪ್ರಶ್ನೆ: ಆ ವ್ಯಾಪಾರಿ ಎಂಥವನೆಂದು ಎಲ್ಲಿ ತಿಳಿಯುತ್ತದೆ?

ಉತ್ತರ: ಸ್ಥಳೀಯ ಪತ್ರಿಕೆಗಳ ಹೊಗಳಿಕೆಗಿಂತ ಸಾಲದ ವರದಿಗಳು ಹೆಚ್ಚು ನೇರ. ಲೂಯಿಸ್ ಟಪ್ಪನ್ 1841ರಲ್ಲಿ ತೆರೆದ ಮರ್ಕಂಟೈಲ್ ಏಜೆನ್ಸಿ ಊರೂರಿನ ವರದಿಗಾರರಿಂದ ಅಂಗಡಿಕಾರರ ಬಂಡವಾಳ, ಸಾಲ, ನಡತೆಯ ವಿವರ ತರಿಸುತ್ತಿತ್ತು. ಆ ಕೈಬರಹದ ಲೆಡ್ಜರುಗಳು ಹಾರ್ವರ್ಡ್‌ನ ಬೇಕರ್ ಲೈಬ್ರರಿಯಲ್ಲಿವೆ. ಜನಗಣತಿಯಲ್ಲಿ ಮಾತ್ರ ದೊಡ್ಡ ಕಂದಕವಿದೆ: 1890ರ ಹಾಳೆಗಳು 1921ರ ಬೆಂಕಿಯ ನಂತರ ಬಹುಪಾಲು ಉಳಿಯಲಿಲ್ಲ. 1880ರಿಂದ 1900ರವರೆಗಿನ ಅಂತರವನ್ನು ವರ್ಷವರ್ಷದ ತೆರಿಗೆ ಪಟ್ಟಿ, ಪಟ್ಟಣದ ಡೈರೆಕ್ಟರಿಗಳಿಂದ (ನಿವಾಸಿಗಳ, ಅಂಗಡಿಗಳ ಹೆಸರು-ವಿಳಾಸದ ಪುಸ್ತಕಗಳು) ತುಂಬಿಕೊಳ್ಳಿ.