ಓದುಗರ ಪ್ರಶ್ನೆ: ನ್ಹಾವಾ ಶೇವಾ ಗೇಟಿನಲ್ಲಿ ಲಾರಿ ನಿಲ್ಲುವುದೇಕೆ?

ಪ್ರಶ್ನೆ: ನಮ್ಮ ಒಣಮೆಣಸಿನಕಾಯಿ ಸರಕಿನ ಕಾಗದಗಳಲ್ಲಿ ಒಮ್ಮೆ ‘ಮುಂಬೈ’, ಒಮ್ಮೆ ‘ನ್ಹಾವಾ ಶೇವಾ’, ಇನ್ನೊಮ್ಮೆ ‘ಜೆಎನ್‌ಪಿಟಿ’ ಎಂದಿರುತ್ತದೆ. ಎಲ್ಲ ಒಂದೇ ಬಂದರೇ? (ಬ್ಯಾಡಗಿಯ ರಫ್ತುದಾರರು)

ಉತ್ತರ: ಕೊನೆಯ ಎರಡು ಮಾತ್ರ ಒಂದೇ. ಮುಂಬೈ ಬಂದರು ನಗರದ ಪೂರ್ವ ದಂಡೆಯ ಹಳೆಯ ಬಂದರು. ಅಲ್ಲಿನ ದಟ್ಟಣೆ ತಗ್ಗಿಸಲೆಂದು ಖಾರಿಯ ಆಚೆ ದಡದಲ್ಲಿ, ರಾಯಗಡ ಜಿಲ್ಲೆಯ ಉರಣ ತಾಲೂಕಿನಲ್ಲಿ ಕಟ್ಟಿದ್ದು ನ್ಹಾವಾ ಶೇವಾ. ಅಧಿಕೃತ ಹೆಸರು ಜವಾಹರಲಾಲ್ ನೆಹರು ಬಂದರು; ಅದನ್ನು ನಡೆಸುತ್ತಿದ್ದ ಟ್ರಸ್ಟಿನ ಕಿರುಹೆಸರೇ ಜೆಎನ್‌ಪಿಟಿ. 1989ರ ಮೇ 26ರಂದು ಶುರುವಾಯಿತು. ನ್ಹಾವಾ, ಶೇವಾ ಎರಡೂ ಹಳ್ಳಿಗಳ ಹೆಸರು. ನವಿ ಮುಂಬೈ ಯೋಜನೆಗೆ ಭೂಮಿ ವಶಪಡಿಸಿಕೊಂಡಾಗ ಡಿ.ಬಿ. ಪಾಟೀಲರ ಮುಂದಾಳತ್ವದಲ್ಲಿ ಈ ಭಾಗದ ರೈತರು ತಿರುಗಿಬಿದ್ದರು. 1984ರ ಜನವರಿಯಲ್ಲಿ ಗೋಲಿಬಾರಿಗೆ ಐವರು ಬಲಿಯಾದರು. ಭೂಮಿ ಕಳೆದುಕೊಂಡವರಿಗೆ ಆ ಭೂಮಿಯ ಶೇ 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ಕೊಡುವ ನಿಯಮ ಬಂದದ್ದು ಆ ಹೋರಾಟದಿಂದ. ಬಂದರಿನ ಪರಿಚಯಪುಸ್ತಿಕೆಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ನಿಮಗೆ ಬಂದರಿಗಿಂತ ಟರ್ಮಿನಲ್, ಅಂದರೆ ಬಂದರಿನೊಳಗೆ ಹಡಗಿಗೆ ಕಂಟೇನರ್ ಹತ್ತಿಸಿ ಇಳಿಸುವ ತಾಣ, ಮುಖ್ಯ. ಇಲ್ಲಿ ಐದು ಕಂಟೇನರ್ ಟರ್ಮಿನಲ್‌ಗಳಿವೆ, ಪ್ರತಿಯೊಂದಕ್ಕೂ ಬೇರೆ ಗೇಟು, ಬೇರೆ ಕಂಪ್ಯೂಟರ್ ವ್ಯವಸ್ಥೆ. ಬಂದರು ತಾನೇ ನಡೆಸುತ್ತಿದ್ದ 680 ಮೀಟರ್ ಉದ್ದದ ಧಕ್ಕೆ (ಹಡಗು ನಿಲ್ಲುವ ಕಟ್ಟೆ) 2022ರ ಒಪ್ಪಂದದಂತೆ ಖಾಸಗಿಯವರ ಕೈಸೇರಿ ಎನ್‌ಎಸ್‌ಎಫ್‌ಟಿ ಆಯಿತು. 600 ಮೀಟರಿನ ಎನ್‌ಎಸ್‌ಐಸಿಟಿ ದೇಶದ ಮೊದಲ ಖಾಸಗಿ ಕಂಟೇನರ್ ಟರ್ಮಿನಲ್. 1997ರಲ್ಲಿ ಒಪ್ಪಂದ, 1999ರಲ್ಲಿ ಆರಂಭ. 2006ರಲ್ಲಿ ಬಂದ ಜಿಟಿಐ 712 ಮೀಟರ್, 2015ರ ಎನ್‌ಎಸ್‌ಐಜಿಟಿ 330 ಮೀಟರ್. ಎಲ್ಲಕ್ಕಿಂತ ದೊಡ್ಡದು ಸಿಂಗಪುರದ ಪಿಎಸ್‌ಎ ನಡೆಸುವ ಬಿಎಂಸಿಟಿ: ಎರಡು ಹಂತ ಸೇರಿ 2,000 ಮೀಟರ್. ಬುಕಿಂಗ್ ಕೈಗೆ ಬಂದೊಡನೆ ಹಡಗು ಯಾವ ಟರ್ಮಿನಲ್‌ಗೆ ಬರುತ್ತದೆಂದು ನೋಡಿ. ಲಾರಿ ಹೊರಟ ಮೇಲೂ ಒಮ್ಮೆ ಕೇಳಿ. ಹಡಗಿನ ಟರ್ಮಿನಲ್ ಕೊನೆ ಗಳಿಗೆಯಲ್ಲಿ ಬದಲಾಗುವುದುಂಟು.

ಪ್ರಶ್ನೆ: ಶಿಪ್ಪಿಂಗ್ ಬಿಲ್ (ರಫ್ತಿಗಾಗಿ ಕಸ್ಟಮ್ಸಿಗೆ ಕೊಡುವ ಘೋಷಣೆ) ಸರಿಯಿದ್ದರೂ ನಮ್ಮ ಟ್ರೇಲರನ್ನು ಗೇಟಿನಲ್ಲಿ ಒಳಗೆ ಬಿಡಲಿಲ್ಲ. ಏನು ತಪ್ಪಿರಬಹುದು? (ಹುಬ್ಬಳ್ಳಿಯ ಓದುಗರು)

ಉತ್ತರ: ಗೇಟಿನವರು ನೋಡುವುದು ಫಾರ್ಮ್ 13, ಅಂದರೆ ರಫ್ತು ಕಂಟೇನರನ್ನು ಟರ್ಮಿನಲ್ ಒಳಗೆ ಬಿಡುವ ಪರವಾನಗಿ ಪತ್ರ. ಅದರಲ್ಲಿ ಹಡಗಿನ ವಿಐಎ ಸಂಖ್ಯೆ (ಆ ಸಲದ ಬರವಿಗೆ ಕೊಟ್ಟ ಗುರುತು), ಇಳಿಸುವ ಬಂದರು, ಕಂಟೇನರ್ ಮತ್ತು ಸೀಲ್ ಸಂಖ್ಯೆ, ತೂಕ, ಲಾರಿ ಸಂಖ್ಯೆ ಇರುತ್ತವೆ. ಇವುಗಳಲ್ಲಿ ಒಂದು ತಾಳೆಯಾಗದಿದ್ದರೂ ಟ್ರೇಲರ್ ಪಕ್ಕಕ್ಕೆ. ಆ ಹಡಗಿನ ಸರಕಿಗೆ ಗೇಟ್ ತೆರೆಯುವ ಮೊದಲೇ ಹೋದರೂ, ಕಟ್-ಆಫ್ (ಸರಕು ಒಪ್ಪಿಸುವ ಗಡುವು) ಮೀರಿ ಹೋದರೂ ಅದೇ ಗತಿ.

ಹೆಚ್ಚಾಗಿ ಎಡವಟ್ಟಾಗುವುದು ತೂಕದಲ್ಲಿ. 2016ರ ಜುಲೈ 1ರಿಂದ ತುಂಬಿದ ಕಂಟೇನರಿನ ದೃಢೀಕೃತ ಒಟ್ಟು ತೂಕ, ಅಂದರೆ ವಿಜಿಎಂ, ಕೊಡದೆ ಹಡಗಿಗೆ ಹತ್ತಿಸುವಂತಿಲ್ಲ. ಇನ್‌ವಾಯ್ಸಿನ ನಿವ್ವಳ ತೂಕವನ್ನೇ ಇಲ್ಲಿ ಬರೆದುಬಿಡುತ್ತಾರೆ. ಸರಕು, ಚೀಲ, ಪ್ಯಾಲೆಟ್, ಆಧಾರಕ್ಕಿಟ್ಟ ಮರ, ಖಾಲಿ ಡಬ್ಬಿಯ ಅಂದರೆ ಕಂಟೇನರಿನ ತೂಕ (20 ಅಡಿಯದಕ್ಕೆ ಸುಮಾರು 2.2 ಟನ್; ಸರಿಯಾದದ್ದು ಬಾಗಿಲ ಮೇಲಿರುತ್ತದೆ) ಎಲ್ಲ ಸೇರಬೇಕು. ವೇಬ್ರಿಜ್ ಮೇಲೆ ತೂಗಿದರೆ ಲಾರಿಯ ಜತೆಗೆ ಡೀಸೆಲ್ ತೂಕವನ್ನೂ ಕಳೆಯಿರಿ. ಒಂದೇ ಟ್ರೇಲರಿನಲ್ಲಿ ಎರಡು 20 ಅಡಿ ಡಬ್ಬಿಗಳಿದ್ದರೆ ಒಟ್ಟಿಗೆ ತೂಗಿ ಎರಡರಿಂದ ಭಾಗಿಸುವುದು ನಡೆಯದು, ಬೇರೆಬೇರೆ ತೂಗಬೇಕು. ಭಾರದ್ದು ಕೆಳಗೆ, ಹಗುರದ್ದು ಮೇಲೆ ಎಂದು ಹಡಗಿನ ಪ್ಲಾನ್ ಮಾಡುವುದು ಈ ಅಂಕಿಯನ್ನು ನಂಬಿಯೇ.

ಎರಡನೆಯದು ಸೀಲ್. ಕಾರ್ಖಾನೆಯಲ್ಲೇ ತುಂಬಿದ್ದರೆ ಕಸ್ಟಮ್ಸ್ ಓದುವ ಎಲೆಕ್ಟ್ರಾನಿಕ್ ಸೀಲ್ ಬೇರೆ, ಶಿಪ್ಪಿಂಗ್ ಲೈನಿನ (ಹಡಗು ಕಂಪನಿಯ) ಸೀಲ್ ಬೇರೆ. ಒಂದರ ಸಂಖ್ಯೆ ಇನ್ನೊಂದರ ಜಾಗದಲ್ಲಿ ಕೂತರೆ ಗೋಳು ತಪ್ಪಿದ್ದಲ್ಲ.

ಕಂಟೇನರ್ ಸಂಖ್ಯೆಯನ್ನು ನೀವೇ ಪರೀಕ್ಷಿಸಬಹುದು. ಉದಾಹರಣೆಗೆ ಸಿಎಸ್‌ಕ್ಯೂಯು 305438, ಕೊನೆಯಲ್ಲಿ ಚೌಕದೊಳಗೆ ಪರೀಕ್ಷೆಯ ಅಂಕಿ 3. ಇಂಗ್ಲಿಷಿನ ಎ ಇಂದ ಝಡ್‌ವರೆಗಿನ ಅಕ್ಷರಗಳಿಗೆ ಕ್ರಮವಾಗಿ 10ರಿಂದ 38ರವರೆಗೆ ಬೆಲೆ. 11, 22, 33 ಬಿಡಬೇಕು. ಹಾಗಾಗಿ ಸಿ 13, ಎಸ್ 30, ಕ್ಯೂ 28, ಯು 32. ಅಂಕಿಗಳಿಗೆ ಅವುಗಳದೇ ಬೆಲೆ. ಎಡದಿಂದ ಒಂದೊಂದನ್ನೂ 1, 2, 4, 8... ಹೀಗೆ 512ರವರೆಗೆ ಗುಣಿಸಿ ಕೂಡಿದರೆ 6185. 11ರಿಂದ ಭಾಗಿಸಿದರೆ ಶೇಷ 3, ಸರಿಯಾಯಿತು. ಅದನ್ನೇ ಅವಸರದಲ್ಲಿ 305348 ಎಂದು ಬರೆದರೆ ಶೇಷ 10 ಬರುತ್ತದೆ. 10 ಬಂದರೆ ಸೊನ್ನೆ ಎಂದು ಹಿಡಿಯುವುದು ಪದ್ಧತಿ. ಚೌಕದ 3ಕ್ಕೆ ಅದು ಹೊಂದದು, ಗೇಟಿನ ಕಂಪ್ಯೂಟರ್ ಒಪ್ಪದು.

ಪ್ರಶ್ನೆ: ತಾಜಾ ದ್ರಾಕ್ಷಿಯನ್ನು ರೀಫರ್ (ಶೀತಲ) ಕಂಟೇನರಿಗೆ ತುಂಬಿ ಅಲ್ಲೇ ತಣಿಸಿದರೆ ಸಾಲದೇ? (ವಿಜಯಪುರದ ಬೆಳೆಗಾರರು)

ಉತ್ತರ: ಸಾಲದು. ರೀಫರ್ ಇರುವುದು ತಣ್ಣಗಿದ್ದುದನ್ನು ಹಾಗೇ ಉಳಿಸಲು. ಬಿಸಿಲಿನಿಂದ ಬಂದ ಹಣ್ಣನ್ನು ತಣಿಸುವಷ್ಟು ಶಕ್ತಿ ಅದಕ್ಕಿಲ್ಲ. ಪ್ಯಾಕ್‌ಹೌಸಿನ ಪ್ರೀಕೂಲಿಂಗ್ ಕೋಣೆಯಲ್ಲೇ ಸುಮಾರು 0 ಡಿಗ್ರಿಗೆ ಇಳಿಸಿ ತುಂಬಿ. ಬಾಗಿಲು ತೆರೆದು ತುಂಬುವಾಗ ಯಂತ್ರ ಆರಿಸಿರಿ. ಇಲ್ಲವಾದರೆ ಹೊರಗಿನ ತೇವದ ಗಾಳಿಯನ್ನು ಎಳೆದುಕೊಂಡು ತಣಿಸುವ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಗಾಳಿ ಬರುವುದು ನೆಲದ ಸಂದುಗಳಿಂದ, ಹೋಗುವುದು ಮೇಲಿನಿಂದ. ಒಳಗೋಡೆಯ ಕೆಂಪು ಗೆರೆ ಮೀರಿ ಪೆಟ್ಟಿಗೆ ಪೇರಿಸಿದರೆ ಗಾಳಿಯ ದಾರಿ ಮುಚ್ಚಿ ಬಾಗಿಲ ಬಳಿಯ ಹಣ್ಣು ಮೊದಲು ಕೆಡುತ್ತದೆ.

ಪ್ರಶ್ನೆ: ಆಮದು ಸರಕಿಗೆ ಡೆಮರೇಜ್, ಡಿಟೆನ್ಷನ್ ಎಂದು ಎರಡು ಬಿಲ್ ಬಂದಿವೆ. ಒಂದಕ್ಕೇ ಎರಡು ಸಲ ವಸೂಲಿಯೇ? (ಬೆಂಗಳೂರಿನ ಓದುಗರು)

ಉತ್ತರ: ಅಲ್ಲ. ತುಂಬಿದ ಕಂಟೇನರ್ ಯಾರ್ಡಿನಲ್ಲಿ ಹೆಚ್ಚು ದಿನ ಕೂತದ್ದಕ್ಕೆ ಡೆಮರೇಜ್. ಶಿಪ್ಪಿಂಗ್ ಲೈನಿನ ಡಬ್ಬಿಯನ್ನು ಕೊಟ್ಟ ಉಚಿತ ದಿನಗಳಿಗಿಂತ ಹೆಚ್ಚು ಕಾಲ ನೀವು ಇಟ್ಟುಕೊಂಡದ್ದಕ್ಕೆ ಡಿಟೆನ್ಷನ್. ಖಾಲಿ ಡಬ್ಬಿ ಲೈನ್ ಹೇಳಿದ ಯಾರ್ಡಿಗೆ ಸೇರಿ, ರಸೀದಿ ಕೈಗೆ ಬಂದಾಗಲೇ ಡಿಟೆನ್ಷನ್ ಲೆಕ್ಕ ನಿಲ್ಲುವುದು. ಡಬ್ಬಿ ಪಡೆಯುವಾಗ ನೆಲದ ಹಲಗೆ, ಬಾಗಿಲ ರಬ್ಬರು, ಮೂಲೆಗಳ ಫೋಟೊ ತೆಗೆದಿಡಿ. ಮೊದಲೇ ಇದ್ದ ನೆಗ್ಗಿನ ರಿಪೇರಿ ಖರ್ಚು ನಿಮ್ಮ ತಲೆಗೆ ಬಂದರೆ ಆ ಫೋಟೊ, ರಸೀದಿಗಳನ್ನೇ ತೋರಿಸಿ ವಾದಿಸಬೇಕಾಗುತ್ತದೆ.