ಕ್ಯಾಮೆರಾ ಚಾವಡಿ ಬಿಟ್ಟು ಏಳುವುದಿಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ: ಸಿನಿಮಾ

ಪ್ರಶ್ನೆ: ಹಳೆಯ ಕಾಲದ ಕಥೆಯುಳ್ಳ ಚಿತ್ರಗಳಲ್ಲಿ ಹೆಂಗಸರು ಸದಾ ಅಡುಗೆಮನೆಯಲ್ಲಿ ಇರುತ್ತಾರೆ, ನಿಜ. ಆದರೆ ಆಗ ಅವರು ಇದ್ದದ್ದೂ ಅಲ್ಲಿಯೇ ಅಲ್ಲವೇ? ನಮ್ಮ ತರಗತಿಯಲ್ಲಿ ಇದನ್ನು ‘ಪುರುಷ ನೋಟ’ (ಹೆಣ್ಣನ್ನು ಗಂಡಸಿನ ಕಣ್ಣಿನಿಂದಲೇ ತೋರಿಸುವುದು) ಎಂದು ಕರೆದು ಛಾಯಾಗ್ರಾಹಕರನ್ನು ದೂರಿದರು. ಇದ್ದದ್ದನ್ನು ಇದ್ದ ಹಾಗೆ ತೋರಿಸಿದ ಕ್ಯಾಮೆರಾದ ತಪ್ಪೇನು?
— ಪತ್ರಿಕೋದ್ಯಮ ವಿದ್ಯಾರ್ಥಿ, ಮಂಗಳೂರು

ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಉಳಿದರ್ಧದ ಜಗಳವನ್ನು ಮುಂದಿನ ಪ್ರಶ್ನೆಗೆ ಇಟ್ಟುಕೊಳ್ಳೋಣ. ಸದ್ಯಕ್ಕೆ ಅವಳು ಅಡುಗೆಮನೆಯಲ್ಲೇ ಇದ್ದಳು ಎಂದುಕೊಳ್ಳಿ. ಹಾಗಾದರೆ ಕ್ಯಾಮೆರಾ ಎಲ್ಲಿತ್ತು?

ನಮ್ಮ ಕಡೆಯ ಹಳೆಯ ಮನೆಯೊಂದನ್ನು ನೆನಪಿಗೆ ತಂದುಕೊಳ್ಳಿ. ಅಂಗಳ ದಾಟಿದರೆ ಜಗಲಿ, ಅಲ್ಲಿಂದ ಚಾವಡಿ, ನಡುಮನೆ, ಅದರಾಚೆ ಕತ್ತಲು ಕತ್ತಲಾದ ಅಡುಗೆಮನೆ. ನಮ್ಮ ಬಹುಪಾಲು ಚಿತ್ರಗಳ ಕ್ಯಾಮೆರಾ ಈ ಮನೆಗೆ ನೆಂಟನ ಹಾಗೆ ಬರುತ್ತದೆ. ಚಾವಡಿಯಲ್ಲಿ ಕುಳಿತು ಒಳಗೆ ಕಣ್ಣು ಹಾಯಿಸುತ್ತದೆ. ಎರಡು ಬಾಗಿಲುಗಳ ಚೌಕಟ್ಟಿನಾಚೆ ಒಬ್ಬಳು ಬಗ್ಗಿ ಒಲೆ ಊದುತ್ತಿರುತ್ತಾಳೆ. ಎದ್ದು ಬಂದು ಬೆಲ್ಲ ನೀರು ಇಟ್ಟು ಹಿಂದಿರುಗುತ್ತಾಳೆ. ಚೌಕಟ್ಟಿನೊಳಗೆ ಚೌಕಟ್ಟು ನೋಡಲು ಬಹಳ ಚೆನ್ನ, ಅದಕ್ಕೇ ಅದನ್ನು ಯಾರೂ ಬಿಡುವುದಿಲ್ಲ. ಆದರೆ ಮನೆಯ ಗಂಡಸು ಮತ್ತು ಹೊರಗಿನಿಂದ ಬಂದವನು ಕಾಣುತ್ತಿದ್ದದ್ದು ಅಷ್ಟನ್ನೇ. ಅಡುಗೆಮನೆಯಿಂದ ಚಾವಡಿ ಹೇಗೆ ಕಾಣುತ್ತಿತ್ತು, ಅಲ್ಲಿನ ಮಾತು ಎಷ್ಟು ಕೇಳುತ್ತಿತ್ತು, ಯಾವ ಮಾತಿಗೆ ಕೈ ನಿಲ್ಲುತ್ತಿತ್ತು ಎಂಬುದನ್ನು ತೋರಿಸುವ ಶಾಟ್ ಹುಡುಕಿ ನೋಡಿ. ಕೈಬೆರಳಿನಲ್ಲಿ ಎಣಿಸಬಹುದು.

ಫೋಕಸ್‌ನ ವಿಚಾರ ಇನ್ನೂ ಕೆಟ್ಟದು. ಮದುವೆ ಮಾತುಕತೆಯ ದೃಶ್ಯ ಎಂದಿಟ್ಟುಕೊಳ್ಳಿ. ಮುಂದೆ ಇಬ್ಬರು ಹಿರಿಯರು, ಇಬ್ಬರ ಮುಖವೂ ಸ್ಪಷ್ಟ. ಯಾರ ಮದುವೆಯೋ ಆ ಹುಡುಗಿ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದಾಳೆ, ಮಸುಕು ಮಸುಕು. ಅಪ್ಪ ಹೆಸರು ಹಿಡಿದು ಕೂಗಿದ ಕೂಡಲೇ ಫೋಕಸ್ ಅವಳತ್ತ ಜಾರುತ್ತದೆ, ಅವಳು ತಲೆಯಾಡಿಸಿದ ಮೇಲೆ ಹಿಂದಕ್ಕೆ ಬರುತ್ತದೆ. ತನ್ನ ಬದುಕಿನ ತೀರ್ಮಾನವನ್ನು ಅವಳು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡಿದ್ದಾಳೆ. ನಮಗೆ ಕಂಡದ್ದು ತಲೆಯಾಡಿಸಿದ್ದು ಮಾತ್ರ. ಇದನ್ನು ಚಿತ್ರಕಥೆ ಹೇಳಿರುವುದಿಲ್ಲ. ಸೆಟ್‌ನಲ್ಲಿ ಯಾರೋ ಅಭ್ಯಾಸಬಲದಿಂದ ತೀರ್ಮಾನಿಸಿರುತ್ತಾರೆ.

ಎತ್ತರವನ್ನೂ ಗಮನಿಸಿ. ಹಳೆಯ ಅಡುಗೆಮನೆಯ ಕೆಲಸವೆಲ್ಲ ನೆಲದ ಮೇಲೆ: ಕಲ್ಲಿನಲ್ಲಿ ಕಡೆಯುವುದು, ಕಾಯಿ ಹೆರೆಯುವುದು, ಮೆಟ್ಟುಕತ್ತಿಯ ಮುಂದೆ ಕುಳಿತು ತರಕಾರಿ ಹೆಚ್ಚುವುದು. ನಿಂತವರ ಕಣ್ಣಿನ ಮಟ್ಟಕ್ಕೆ ಟ್ರೈಪಾಡ್ ನಿಲ್ಲಿಸಿದರೆ ಅವಳು ತಾನಾಗಿಯೇ ಕೆಳಗಿನವಳಾಗುತ್ತಾಳೆ. ‘ಊಟ ಆಯಿತಾ’ ಎಂದು ಬಾಗಿಲಲ್ಲಿ ನಿಂತು ಕೇಳುವವನ ಕಣ್ಣು ಅದು.

ಇನ್ನು ಬೆಳಕು. ಹಳೆಯ ಕಾಲ ಎಂದ ಕೂಡಲೇ ನಮ್ಮವರು ಇಡೀ ಚಿತ್ರಕ್ಕೆ ಜೇನಿನ ಬಣ್ಣ ಬಳಿಯುತ್ತಾರೆ. ಅಡುಗೆಮನೆಗೆ ಹೊಗೆ ಯಂತ್ರ ತರಿಸಿ, ಕಿಟಕಿಯ ಹೊರಗಿನಿಂದ ಬಲವಾದ ದೀಪ ಹಾಯಿಸಿ, ಹೊಗೆಯಲ್ಲಿ ಚಿನ್ನದ ಕೋಲುಗಳನ್ನು ನಿಲ್ಲಿಸುತ್ತಾರೆ. ಅದರ ನಡುವೆ ನಾಯಕಿ, ಹಣೆಯಲ್ಲಿ ಎರಡೇ ಹನಿ ಬೆವರು. ಸೌದೆ ಒಲೆಯ ಮುಂದೆ ಕುಳಿತು ಗೊತ್ತಿದ್ದವರಿಗೆ ಆ ಹೊಗೆ ಏನು ಮಾಡುತ್ತದೆಂದು ಗೊತ್ತು. ಕಣ್ಣು ಕೆಂಪಾಗುತ್ತದೆ, ಕೆಮ್ಮು ಬರುತ್ತದೆ, ಮಳೆಗಾಲದ ಹಸಿ ಕಟ್ಟಿಗೆಯಾದರೆ ಊದಿ ಊದಿ ತಲೆ ಸುತ್ತುತ್ತದೆ. ಪರದೆಯ ಮೇಲಿನ ಹೊಗೆಗೆ ಯಾರೂ ಕೆಮ್ಮುವುದಿಲ್ಲ.

ನಿಮ್ಮ ತರಗತಿಯಲ್ಲಿ ಬಳಸಿದ ‘ಪುರುಷ ನೋಟ’ವನ್ನು ಬ್ರಿಟನ್ನಿನ ಲಾರಾ ಮಲ್ವೆ 1975ರ ಪ್ರಬಂಧವೊಂದರಲ್ಲಿ ಚರ್ಚಿಸಿದರು. ಅವರ ಕಣ್ಣಿದ್ದದ್ದು ಹಾಲಿವುಡ್‌ನ ಚೆಲುವೆಯರ ಮೇಲೆ. ನಮ್ಮ ಹಳೆಯ ಕಾಲದ ಚಿತ್ರಗಳಲ್ಲಿ ಆಸೆಯ ನೋಟಕ್ಕಿಂತ ಭಕ್ತಿಯ ನೋಟವೇ ಹೆಚ್ಚು. ಮುಂಜಾವು, ಒದ್ದೆ ಕೂದಲು, ತುಳಸಿಕಟ್ಟೆ, ಕೆಳಗಿನಿಂದ ಮೇಲಕ್ಕೆ ಏರುವ ಕ್ಯಾಮೆರಾ. ಇದರಲ್ಲಿ ಅಶ್ಲೀಲ ಒಂದಿಷ್ಟೂ ಇಲ್ಲ. ಇಡೀ ಕುಟುಂಬ ಕುಳಿತು ನೋಡಿ ಕೈಮುಗಿಯಬಹುದು. ಆದ್ದರಿಂದಲೇ ಇದನ್ನು ಪ್ರಶ್ನಿಸುವುದು ಕಷ್ಟ. ದುಡಿಮೆಯನ್ನು ಪೂಜೆ ಮಾಡಿಬಿಟ್ಟರೆ ಕೂಲಿ ಕೇಳುವವರಿರುವುದಿಲ್ಲ.

ಬೇರೆ ದಾರಿ ಇಲ್ಲವೇ ಎಂದರೆ, ಇದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಅಗ್ರಹಾರದ ವಿಧವೆಯ ಕಥೆ, ಕ್ಯಾಮೆರಾ ಎಸ್. ರಾಮಚಂದ್ರ ಅವರದು. ಕಪ್ಪು ಬಿಳುಪಿನ ಆ ಚಿತ್ರದಲ್ಲಿ ನಾವು ಯಮುನಕ್ಕನನ್ನು ಹೆಚ್ಚಾಗಿ ಕಾಣುವುದು ವೇದ ಕಲಿಯಲು ಬಂದ ಹುಡುಗ ನಾಣಿಯ ಕಣ್ಣಿನಿಂದ. ಹುಡುಗನಿಗೆ ಜಗಲಿಯೂ ತೆರೆದಿದೆ, ಒಳಮನೆಯೂ ತೆರೆದಿದೆ. ಅವನೊಡನೆ ಹೋಗುವ ಕ್ಯಾಮೆರಾಕ್ಕೆ ಚಾವಡಿಯಲ್ಲೇ ಕೂರುವ ಕಟ್ಟುಪಾಡು ಇಲ್ಲ. ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964) ಮತ್ತೂ ಮುಂದೆ ಹೋಗುತ್ತದೆ. ಕಥೆ ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ಶ್ರೀಮಂತ ಮನೆಯದು. ಮೊದಲ ನಿಮಿಷಗಳಲ್ಲೇ ಚಾರು ಹಿಡಿಕೆಯುಳ್ಳ ಪುಟ್ಟ ದುರ್ಬೀನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುತ್ತಾ ಬೀದಿಯನ್ನು ನೋಡುತ್ತಾಳೆ. ಪುಸ್ತಕದಲ್ಲಿ ಮುಳುಗಿದ ಗಂಡ ಪಕ್ಕದಲ್ಲೇ ನಡೆದು ಹೋಗುತ್ತಾನೆ, ಅವಳನ್ನು ಗಮನಿಸುವುದೇ ಇಲ್ಲ. ಅವಳು ಅದೇ ದುರ್ಬೀನಿನಿಂದ ಅವನನ್ನೂ ನೋಡುತ್ತಾಳೆ. ಮನೆಯಿಂದ ಹೊರಗೆ ಕಾಲಿಡದೆಯೇ ನೋಡುವ ಹಕ್ಕು ಅವಳದಾಯಿತು. ಅವಳು ಮನೆಯೊಳಗಿದ್ದದ್ದು ಇತಿಹಾಸ, ಕ್ಯಾಮೆರಾ ಅವಳ ಹಿಂದೆ ಓಡಿದ್ದು ಛಾಯಾಗ್ರಾಹಕ ಮತ್ತು ನಿರ್ದೇಶಕರ ಆಯ್ಕೆ.

ಪ್ರಶ್ನೆ: ನನ್ನ ಅಜ್ಜಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದರು. ಹಳೆಯ ಮಂಗಳೂರನ್ನು ತೋರಿಸುವ ಯಾವ ಚಿತ್ರದಲ್ಲಿಯೂ ಇಂಥ ಹೆಂಗಸರು ಯಾಕೆ ಕಾಣುವುದಿಲ್ಲ?
— ನಿವೃತ್ತ ಶಿಕ್ಷಕಿ, ಜೆಪ್ಪು

ಟೀಚರ್, ಮೇಲಿನ ವಿದ್ಯಾರ್ಥಿಗೆ ಬಾಕಿ ಉಳಿಸಿಕೊಂಡ ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಮ್ಮ ಊರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಆಮೇಲೆ ಗೇರುಬೀಜದ ಕಾರ್ಖಾನೆಗಳು ಬಂದವು, ಅಲ್ಲಿ ಹೆಚ್ಚಿನವರು ಹೆಂಗಸರೇ. ಮೊಗವೀರ ಹೆಂಗಸರು ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿದರು. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ಕೀಳುವುದು, ನೆಡುವುದು ಹೆಂಗಸರದೇ ಕೆಲಸ, ತುಳುವಿನ ಕಥನ ಹಾಡುಗಳಾದ ಪಾಡ್ದನಗಳು ಉಳಿದು ಬಂದದ್ದೂ ಆ ಗದ್ದೆಗಳಲ್ಲಿ. ಅಡುಗೆಮನೆಯಲ್ಲಷ್ಟೇ ಇದ್ದ ಹೆಂಗಸು ಕರಾವಳಿಯಲ್ಲಿ ಅಲ್ಪಸಂಖ್ಯಾತಳು ಎಂದೇ ನನ್ನ ಅಭಿಪ್ರಾಯ.

ಅವರು ಪರದೆಯ ಮೇಲೆ ಕಾಣದಿರುವುದಕ್ಕೆ ಬಹಳ ಲೌಕಿಕವಾದ ಕಾರಣವೊಂದಿದೆ. ಚಿತ್ರತಂಡ ಮೊದಲು ಹುಡುಕುವುದು ಲೊಕೇಶನ್. ಮುರಕಲ್ಲಿನ ಗೋಡೆ, ಹಲಸಿನ ಮರದ ಕಂಬಗಳಿರುವ ಗುತ್ತಿನ ಮನೆಗಳು, ಅಂದರೆ ಹಳೆಯ ಜಮೀನ್ದಾರರ ಮನೆಗಳು, ಇನ್ನೂ ನಿಂತಿವೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ದಿವಂಗತ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ಉಳಿಸಿದರು, ದೊಡ್ಡ ಕೆಲಸ. ಆದರೆ ಒಕ್ಕಲಿನವರ ಮುಳಿಹುಲ್ಲಿನ ಮಾಡು, ಮಣ್ಣಿನ ಗೋಡೆ ಮಳೆಗೆ ಕರಗಿಹೋಯಿತು. ಉಳಿದ ಮನೆಗೆ ತಕ್ಕ ಕಥೆ, ಆ ಮನೆಗೆ ತಕ್ಕ ಹೆಂಗಸು. ಹೀಗೆ ಶ್ರೀಮಂತರ ಮನೆಯ ಒಂದು ಬಾಗಿಲು ಇಡೀ ಜಿಲ್ಲೆಯ ಸ್ತ್ರೀಯರ ಇತಿಹಾಸವಾಯಿತು.

ಅದೂ ಸರಿಯಾಗಿ ಬಂದಿಲ್ಲ ಎಂಬುದು ತಮಾಷೆ. ಅಳಿಯಕಟ್ಟಿನ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿದ್ದರೂ ಮನೆ ತಾಯಿಯ ಕಡೆಯದು. ಅಂಥ ಮನೆಯ ಮಗಳನ್ನೂ ಘಟ್ಟದ ಮೇಲಿನ ಸೊಸೆಯ ಹಾಗೆ ಕಂಬದ ಮರೆಗೆ ನಿಲ್ಲಿಸಿ, ಸೆರಗಿನ ತುದಿ ಬೆರಳಿಗೆ ಸುತ್ತಿಸಿ ಶಾಟ್ ತೆಗೆಯುತ್ತಾರೆ.

ಗದ್ದೆಗೆ ಬಂದರೂ ಕಥೆ ಅಷ್ಟೇ. ಈಗಂತೂ ಡ್ರೋನ್ ಬಂದಿದೆ. ಹಸಿರು ಚೌಕಗಳು, ಸಾಲಾಗಿ ಬಗ್ಗಿದ ಬಣ್ಣದ ಸೀರೆಗಳು, ಪೋಸ್ಟರಿಗೆ ಹೇಳಿ ಮಾಡಿಸಿದ್ದು. ಅಷ್ಟು ಎತ್ತರದಿಂದ ಆ ಕಾಲದಲ್ಲಿ ಕಾಗೆ ಬಿಟ್ಟರೆ ಯಾರೂ ನೋಡಿರಲಿಕ್ಕಿಲ್ಲ. ಕೊಡೆ ಹಿಡಿದು ಹುಣಿಯ (ಗದ್ದೆಯ ಬದುವಿನ) ಮೇಲೆ ನಿಂತ ಧಣಿಗೂ ಅವರ ಮುಖ ಕಾಣುತ್ತಿತ್ತು. ಮಳೆಗೆ ತಲೆಯ ಮೇಲೆ ಹೊದ್ದುಕೊಳ್ಳುವ ಗೊರಬಿನ ಕೆಳಗೆ, ಮೊಣಕಾಲುದ್ದ ಕೆಸರಿನಲ್ಲಿ ಕ್ಯಾಮೆರಾ ಇಳಿಸಲು ಯಾರಿಗೂ ಮನಸ್ಸಿಲ್ಲ, ಉಪಕರಣದ ಬಾಡಿಗೆ ಜಾಸ್ತಿ.

ಬೀಡಿಯ ಬಗ್ಗೆ ಒಂದು ಮಾತು. ಅದು ಮನೆಯೊಳಗಿನ ದುಡಿಮೆ, ಆದರೆ ಕೂಲಿಯ ದುಡಿಮೆ. ಸೂಪನ್ನು (ಬೀಡಿ ಕಟ್ಟುವ ಮೊರವನ್ನು) ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸುವ ಹೆಂಗಸನ್ನು ತೋರಿಸಿದರೆ ‘ಮನೆ’ ಮತ್ತು ‘ಕೆಲಸ’ ಬೇರೆ ಬೇರೆ ಎಂಬ ಗೆರೆಯೇ ಅಳಿಸಿಹೋಗುತ್ತದೆ. ಸಿನಿಮಾದವರಿಗೆ ಇದನ್ನು ಎಲ್ಲಿ ಹೊಂದಿಸಬೇಕೆಂದು ತಿಳಿಯುವುದಿಲ್ಲ. ನಿಮ್ಮ ಅಮ್ಮನ ಬಗ್ಗೆ ನೀವೇ ಬರೆದಿಡಿ, ಲೆಕ್ಕದ ಪುಸ್ತಕವಿದ್ದರೆ ಎಸೆಯಬೇಡಿ.

ಪ್ರಶ್ನೆ: ಹಾಗಾದರೆ ಖಡ್ಗ ಹಿಡಿದ ರಾಣಿಯರ ಚಿತ್ರಗಳು ಬರಲಿ. ನಮ್ಮ ಉಳ್ಳಾಲದ ರಾಣಿ ಅಬ್ಬಕ್ಕನಂಥವರನ್ನು ತೋರಿಸಿದರೆ ಈ ದೂರು ತೀರುವುದಿಲ್ಲವೇ?
— ಓದುಗ, ಉಳ್ಳಾಲ

ಬರಲಿ. ಆದರೆ ಒಲೆಯ ಮುಂದಿನ ಹೊಗೆಯನ್ನೇ ಯುದ್ಧಭೂಮಿಗೆ ಸಾಗಿಸಿ, ನಿಧಾನಗತಿಯಲ್ಲಿ ಕೂದಲು ಹಾರಿಸಿದರೆ ಏನೂ ಬದಲಾಗುವುದಿಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ನಮ್ಮ ಕಡೆ ಬಂದು ಉಳ್ಳಾಲದ ರಾಣಿಯನ್ನು ಕಂಡು ಬರೆದಿಟ್ಟಿದ್ದಾನೆ. ಆಕೆ ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು, ನೆಲ ಅಗೆಯುವ ಕೆಲಸವನ್ನು ನೋಡಿಕೊಳ್ಳಲು ಹೊರಟಿದ್ದಳು. ನೋಡಿದರೆ ರಾಣಿಗಿಂತ ಅಡುಗೆಯವಳಂತೆ, ಬಟ್ಟೆ ಒಗೆಯುವವಳಂತೆ ಇದ್ದಾಳೆ ಎಂದು ಅವನಿಗೆ ಅನ್ನಿಸಿತು. ಮಾತು ಕೇಳಿದ ಮೇಲೆ ಆಕೆಯ ಬುದ್ಧಿ ತಿಳಿಯಿತು. ನಾನೂರು ವರ್ಷಗಳ ಹಿಂದಿನ ಆ ಯುರೋಪಿಯನ್ ಕಣ್ಣೇ ಇವತ್ತಿನ ನಮ್ಮ ಕಾಸ್ಟಿಂಗ್ ವಿಭಾಗದಲ್ಲಿ ಕುಳಿತಿದೆ. ಕುದುರೆಯಿಲ್ಲದೆ, ಒಡವೆಯಿಲ್ಲದೆ, ಕಪ್ಪು ಮೈಬಣ್ಣದ ಹೆಂಗಸೊಬ್ಬಳು ಆಳುಗಳೊಡನೆ ಕೆಲಸದ ಲೆಕ್ಕ ಮಾತಾಡುವ ಶಾಟ್‌ನಿಂದ ರಾಣಿಯನ್ನು ಪರಿಚಯಿಸುವ ಧೈರ್ಯ ಯಾರಿಗಾದರೂ ಇದ್ದರೆ ಮೊದಲ ಟಿಕೆಟ್ ನನ್ನದು.

ಪ್ರಶ್ನೆ: ಛಾಯಾಗ್ರಾಹಕಿಯರು ಹೆಚ್ಚಾದರೆ ಇದು ಸರಿಹೋಗುತ್ತದೆಯೇ?
— ಓದುಗಿ, ಕುಂದಾಪುರ

ಸ್ವಲ್ಪ ಮಟ್ಟಿಗೆ. ಭಾರತದ ಮೊದಲ ಛಾಯಾಗ್ರಾಹಕಿಯರಲ್ಲಿ ಒಬ್ಬರಾದ ಬಿ.ಆರ್. ವಿಜಯಲಕ್ಷ್ಮಿ ತಮಿಳಿನ ‘ಚಿನ್ನ ವೀಡು’ ಚಿತ್ರದ ಛಾಯಾಗ್ರಾಹಕಿಯಾದದ್ದು 1985ರಲ್ಲಿ, ಅಷ್ಟು ತಡವಾಗಿ. ಸಂಖ್ಯೆ ಹೆಚ್ಚಲೇಬೇಕು, ಅದು ಉದ್ಯೋಗದ ನ್ಯಾಯ. ಆದರೆ ‘ಚಾರುಲತಾ’ದ ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಗಂಡಸು. ಚಾವಡಿಯಲ್ಲೇ ಕೂರುವ ಅಭ್ಯಾಸ ಹೆಂಗಸರಿಗೂ ಅಂಟಬಹುದು.

ಪ್ರಶ್ನೆ: ಅರುವತ್ತರ ದಶಕದ ನನ್ನ ದೊಡ್ಡಮ್ಮನ ಕುರಿತು ಕಿರುಚಿತ್ರ ಮಾಡುತ್ತಿದ್ದೇನೆ. ಬ್ರಹ್ಮಾವರದ ಬಳಿ ಹಳೆಯ ಮನೆ ಸಿಕ್ಕಿದೆ. ಅಡುಗೆಮನೆಯ ದೃಶ್ಯಗಳನ್ನು ಹೇಗೆ ತೆಗೆಯಲಿ? ಹಣ ಕಡಿಮೆ.
— ಹವ್ಯಾಸಿ ನಿರ್ದೇಶಕ, ಉಡುಪಿ

ಹಣ ಕಡಿಮೆ ಇರುವುದು ನಿಮ್ಮ ಅದೃಷ್ಟ, ಹೊಗೆ ಯಂತ್ರ ತರಿಸಲಾರಿರಿ.

ಮೊದಲು ಟ್ರೈಪಾಡಿನ ಕಾಲು ಮಡಚಿ. ದೊಡ್ಡಮ್ಮನ ಪಾತ್ರಧಾರಿ ಮಣೆಯ ಮೇಲೆ ಕುಳಿತಾಗ ಅವಳ ಕಣ್ಣು ನೆಲದಿಂದ ಎಷ್ಟು ಎತ್ತರ ಬರುತ್ತದೋ ಲೆನ್ಸ್ ಅಲ್ಲಿರಲಿ. ಯಾರಾದರೂ ಒಳಗೆ ಬಂದರೆ ಅವರ ಕಾಲು ಮತ್ತು ಪಂಚೆಯ ಅಂಚು ಕಾಣಲಿ, ತಲೆ ಚೌಕಟ್ಟಿನಿಂದ ಹೊರಗೆ ಉಳಿದರೂ ಬಾಧಕವಿಲ್ಲ. ಅವಳು ಆ ಮನುಷ್ಯನನ್ನು ವರ್ಷಾನುಗಟ್ಟಲೆ ಕಂಡದ್ದು ಹಾಗೆಯೇ. ದೂರದಿಂದ ಉದ್ದ ಲೆನ್ಸ್ ಹಾಕಿ ಹಿನ್ನೆಲೆ ಮಸುಕಾಗಿಸಬೇಡಿ. ಹತ್ತಿರ ಹೋಗಿ, ಅಗಲದ ಲೆನ್ಸ್ ಹಾಕಿ. ಜಾಗ ಎಷ್ಟು ಇಕ್ಕಟ್ಟು, ಒಲೆ ಎಷ್ಟು ಹತ್ತಿರ, ಅಟ್ಟ ಎಷ್ಟು ತಗ್ಗು ಎಂಬುದೆಲ್ಲ ಕಾಣಬೇಕು.

ಬೆಳಕಿಗೆ ಸುಬ್ರತ ಮಿತ್ರ ಅವರಿಂದಲೇ ಕಲಿಯಿರಿ. ‘ಅಪರಾಜಿತೋ’ (1956) ಚಿತ್ರಕ್ಕೆ ಬನಾರಸಿನ ಅಂಗಳದ ಮನೆಯನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕು ಬೇಕಾಗಿತ್ತು. ಅವರು ಮೇಲೆ ಬಿಳಿ ಬಟ್ಟೆ ಹರಡಿ, ಕೆಳಗಿನಿಂದ ದೀಪ ಹಾಯಿಸಿ, ಮರಳಿ ಬಂದ ಬೆಳಕನ್ನು ಬಳಸಿದರು. ನೀವೂ ಒಂದು ಬಿಳಿ ಪಂಚೆಯಲ್ಲಿ ಈ ಕೆಲಸ ಮಾಡಬಹುದು. ಮಳೆಗಾಲದಲ್ಲಿ ಚಿತ್ರೀಕರಿಸುವುದಾದರೆ ಅದೂ ಬೇಡ. ಮೋಡದ ಬೆಳಕು ಚಿನ್ನದ ಬಣ್ಣಕ್ಕೆ ಬಗ್ಗುವುದಿಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ಬಗ್ಗಿಸಲು ನೀವು ಹೋಗದಿದ್ದರೆ ಸಾಕು.

ಕೆಲಸ ಪೂರ್ತಿ ನಡೆಯಲಿ. ಕಡೆಯುವ ಕಲ್ಲಿಗೆ ಒಂದು ಸುತ್ತು, ಬಳೆಗಳ ಕ್ಲೋಸಪ್, ಮರುಕ್ಷಣ ಬಡಿಸಿದ ಎಲೆ, ಇದು ಜಾಹೀರಾತಿನ ಕತ್ತರಿ. ದೋಸೆಹಿಟ್ಟು ನುಣ್ಣಗಾಗಲು ಎಷ್ಟು ಹೊತ್ತು ಬೇಕೋ ಅದರಲ್ಲಿ ಸ್ವಲ್ಪವನ್ನಾದರೂ ಕತ್ತರಿಸದೆ ಬಿಡಿ. ನೋಡುವವರಿಗೆ ಬೇಸರ ಬರಬಹುದು. ಬರಲಿ. ನಟಿಗೆ ನಿಜವಾಗಿ ಕಡೆಯಲು ಬರಬೇಕು, ಇಲ್ಲದಿದ್ದರೆ ಭುಜ ಸುಳ್ಳು ಹೇಳುತ್ತದೆ. ಊರಿನ ಹಿರಿಯರೊಬ್ಬರ ಬಳಿ ಒಂದಷ್ಟು ದಿನ ಕಲಿಸಿ.

ಚಾವಡಿಯ ಮಾತುಕತೆಯ ದೃಶ್ಯವಿದ್ದರೆ ಅದನ್ನು ಪೂರ್ತಿ ಅಡುಗೆಮನೆಯಿಂದಲೇ ತೆಗೆದು ನೋಡಿ. ಗಂಡಸರ ಮುಖ ಬೇಡ, ದನಿ ಸಾಕು. ಯಾವ ವಾಕ್ಯಕ್ಕೆ ದೊಡ್ಡಮ್ಮನ ಕೈ ತಡೆಯಿತು, ಯಾವುದಕ್ಕೆ ಬೇಕೆಂದೇ ಪಾತ್ರೆ ಸದ್ದು ಮಾಡಿದಳು ಎಂಬುದನ್ನು ಚಿತ್ರಕಥೆಯಲ್ಲೇ ಬರೆದುಕೊಳ್ಳಿ. ಸೆಟ್‌ನಲ್ಲಿ ಹೊಳೆಯುತ್ತದೆ ಎಂದು ಬಿಟ್ಟರೆ ಛಾಯಾಗ್ರಾಹಕ ತನ್ನ ರೂಢಿಯಂತೆ ಹೊರಗೆ ಹೋಗಿ ಬಾಗಿಲಿನ ಚೌಕಟ್ಟು ಹಿಡಿಯುತ್ತಾನೆ. ಉಳಿದ ಹಣವನ್ನು ಒಳ್ಳೆಯ ಮೈಕಿನ ಬಾಡಿಗೆಗೆ ಹಾಕಿ, ಈ ದೃಶ್ಯ ನಿಲ್ಲುವುದು ಆ ದನಿಯ ಮೇಲೆಯೇ.